ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ರೂಟರ್ ಡೆಡ್ ಆಗಿದೆ, ಮತ್ತೆ ಎಬ್ಬಿಸಬಹುದೇ?

ಪ್ರಶ್ನೆ: ಸರ್, ನಮಸ್ಕಾರ ರೀ. ನಮ್ದು ಬನಹಟ್ಟಿ. ಮನ್ಯಾಗ ನಾಲ್ಕು ಪವರ್‌ಲೂಮ್ ಅದಾವ. ಸೀರಿ ಫೋಟೋ ವ್ಯಾಪಾರಸ್ಥರಿಗೆ ಕಳಸಾಕ, ಬಿಲ್ ಮಾಡಾಕ ಇಂಟರ್ನೆಟ್ ಬೇಕಾ ಬೇಕು. ಹಳೇ ಟಿಪಿ-ಲಿಂಕ್ ಆರ್ಚರ್ ಸಿ7 ರೂಟರ್ ತಗೊಂಡು ಅದಕ್ಕ ಕಂಪನಿ ತಂತ್ರಾಂಶದ ಬದಲಿಗಿ ಓಪನ್‌ಡಬ್ಲ್ಯೂಆರ್‌ಟಿ ಅನ್ನೂ ಮುಕ್ತ ತಂತ್ರಾಂಶದ 19.07 ಆವೃತ್ತಿ ಹಾಕಿದ್ದೆ, ಚಲೋ ನಡದಿತ್ತು. ಹೋದ ವಾರ 24.10ಕ್ಕ ಅಪ್‌ಡೇಟ್ ಮಾಡಾಕ ಕುಂತೆ. ಹಳೇ ಸೆಟ್ಟಿಂಗ್ ಹಂಗ ಇರ್ಲಿ ಅನ್ನೂದಕ್ಕ ಟಿಕ್ ಹಾಕಿದ್ದೆ. ಅರ್ಧಕ್ಕ ಕರೆಂಟ್ ಹೋತು. ಈಗ ಪವರ್ ಲೈಟ್ ಹತ್ತತೈತಿ, ಆದ್ರ ವೈಫೈ ಇಲ್ಲ, 192.168.1.1 ತೆರೆಯಂಗಿಲ್ಲ. ಅಂಗಡಿಯವರು ‘ಡೆಡ್ ಆಗೇತಿ, ಒಗದ ಬಿಡ್ರಿ’ ಅಂದ್ರು. ಖರೇನ ಹೋತೇನ್ರಿ? ಮುಂದ ಹಿಂಗ ಆಗಲಾರದಂಗ ಏನ್ ಮಾಡಬೇಕ್ರಿ?

ಉತ್ತರ: ಒಗೆಯಬೇಡಿ. ನೀವು ಬರೆದ ಲಕ್ಷಣ ನೋಡಿದರೆ ಈ ರೂಟರ್ ಮತ್ತೆ ಏಳುವ ಸಾಧ್ಯತೆಯೇ ಹೆಚ್ಚು. ಖರ್ಚು ಏನೂ ಇಲ್ಲ, ಒಂದು ಲ್ಯಾನ್ ಕೇಬಲ್, ಒಂದು ಲ್ಯಾಪ್‌ಟಾಪ್, ಒಂದು ತಾಸು ತಾಳ್ಮೆ ಸಾಕು.

ಏಕೆ ಇಷ್ಟು ಧೈರ್ಯವಾಗಿ ಹೇಳುತ್ತೇನೆಂದರೆ, ನೀವು ನೇಕಾರರ ಮನೆಯವರು, ಮಗ್ಗದ ಮಾತಿನಲ್ಲೇ ಹೇಳಿಬಿಡುತ್ತೇನೆ. ರೂಟರಿನ ಒಳಗಿರುವ, ಕರೆಂಟ್ ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ಫ್ಲ್ಯಾಶ್ ಚಿಪ್ ಒಂದೇ ಆದರೂ ಅದರಲ್ಲಿ ಪಾಲುಗಳಿವೆ. ಮೊದಲ ಪಾಲಿನಲ್ಲಿ ರೂಟರ್ ಆನ್ ಆದ ಕೂಡಲೇ ಎದ್ದು ಉಳಿದದ್ದನ್ನು ಎಬ್ಬಿಸುವ ಬೂಟ್‌ಲೋಡರ್ ಇರುತ್ತದೆ, ಯು-ಬೂಟ್ ಎನ್ನುತ್ತಾರೆ. ಅದು ಮಗ್ಗದ ಚೌಕಟ್ಟು. ಅದರ ನಂತರ ಕರ್ನಲ್ ಎಂಬ ತಂತ್ರಾಂಶದ ತಿರುಳು ಮತ್ತು ಸ್ಕ್ವಾಶ್‌ಎಫ್‌ಎಸ್ ಎಂಬ ಓದಲಷ್ಟೇ ಬರುವ ಭಾಗ. ಅದು ಹಾಸು. ನೀವು ಹಾಕಿದ ವೈಫೈ ಹೆಸರು, ಪಾಸ್‌ವರ್ಡ್, ಆಮೇಲೆ ಸೇರಿಸಿದ ಪ್ಯಾಕೇಜುಗಳೆಲ್ಲ ಓವರ್‌ಲೇ ಎಂಬ ಇನ್ನೊಂದು ಪಾಲಿಗೆ ಹೋಗುತ್ತವೆ. ಅದು ಹೊಕ್ಕು. ಅಪ್‌ಡೇಟ್ ಮಾಡುವಾಗ ಬದಲಾಗುವುದು ಹಾಸು ಮತ್ತು ಹೊಕ್ಕು ಮಾತ್ರ. ಚೌಕಟ್ಟನ್ನು ಓಪನ್‌ಡಬ್ಲ್ಯೂಆರ್‌ಟಿಯ ಮಾಮೂಲಿ ಅಪ್‌ಡೇಟ್ ಮುಟ್ಟುವುದೇ ಇಲ್ಲ. ಹಾಸಿನ ಎಳೆ ಅರ್ಧಕ್ಕೆ ಹರಿದರೆ ಮಗ್ಗ ಗುಜರಿಗೆ ಹಾಕುವುದಿಲ್ಲವಲ್ಲ, ಮತ್ತೆ ಹಾಸು ಏರಿಸುತ್ತೀರಿ. ಇಲ್ಲಿಯೂ ಅಷ್ಟೇ ಕೆಲಸ.

ಇನ್ನೊಂದು ಸಣ್ಣ ಪಾಲಿದೆ, ಹೆಸರು ಆರ್ಟ್. ಆ ರೂಟರಿನ ರೇಡಿಯೋಗೆ ಕಾರ್ಖಾನೆಯಲ್ಲಿ ಮಾಡಿದ ಹೊಂದಾಣಿಕೆಯ ಅಂಕಿಗಳು ಅದರಲ್ಲಿವೆ. ಪ್ರತಿ ರೂಟರಿಗೂ ಅವು ಬೇರೆ. ಇದು ಅಳಿದರೆ ಬೇರೆ ಕಡೆಯಿಂದ ತಂದು ಹಾಕಲು ಬರುವುದಿಲ್ಲ. ಯಾರಾದರೂ ‘ಇಡೀ ಫ್ಲ್ಯಾಶ್ ಅಳಿಸಿ ಹೊಸದಾಗಿ ಬರೆಯೋಣ’ ಎಂದರೆ ಬೇಡ ಎನ್ನಿ. ನಿಮ್ಮ ರೂಟರಿಗೆ ಸದ್ಯ ಆ ಮದ್ದಿನ ಅಗತ್ಯವೂ ಇಲ್ಲ.

ರಿಪೇರಿಗೆ ಕೂರುವ ಮೊದಲು ಅಡಾಪ್ಟರ್ ಪರೀಕ್ಷಿಸಿ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಒಂದು ಮಳೆಗಾಲದಲ್ಲಿ ಮುಧೋಳ ಕಡೆಯಿಂದ ನನ್ನ ಬೆಂಚಿಗೆ ಒಂದು ರೂಟರ್ ಬಂದಿತ್ತು. ಲೈಟ್ ಹತ್ತುತ್ತದೆ, ಅರ್ಧ ನಿಮಿಷಕ್ಕೆ ಎಲ್ಲ ಆರಿ ಮತ್ತೆ ಮೊದಲಿನಿಂದ ಶುರು. ಫರ್ಮ್‌ವೇರ್, ಅಂದರೆ ರೂಟರಿನ ಒಳಗಿನ ತಂತ್ರಾಂಶ, ಕೆಟ್ಟಿದೆ ಎಂದುಕೊಂಡು ಎರಡು ಸಲ ಹೊಸದಾಗಿ ಬರೆದೆ, ಗುಣವಾಗಲಿಲ್ಲ. ಕೊನೆಗೆ ಮಲ್ಟಿಮೀಟರ್ ಹಚ್ಚಿದೆ. ಅಡಾಪ್ಟರ್ ಖಾಲಿ ಇದ್ದಾಗ 12.1 ವೋಲ್ಟ್ ತೋರಿಸಿತು. ರೂಟರಿಗೆ ಜೋಡಿಸಿ ನೋಡಿದರೆ ವೈಫೈ ಏಳುವ ಹೊತ್ತಿಗೆ 9ರ ಹತ್ತಿರ ಕುಸಿಯುತ್ತಿತ್ತು. ಅಡಾಪ್ಟರ್ ಬಿಚ್ಚಿದರೆ ಒಳಗಿನ ಕೆಪಾಸಿಟರಿನ ತಲೆ ಪೂರಿಯ ಹಾಗೆ ಉಬ್ಬಿತ್ತು. ಹೊಸ ಅಡಾಪ್ಟರ್ ಹಾಕಿದ ಮೇಲೆ ಆ ರೂಟರಿನ ತಕರಾರು ಮುಗಿಯಿತು. ಮೋಟಾರುಗಳು ಒಟ್ಟಿಗೆ ಸ್ಟಾರ್ಟ್ ಆಗುವ, ವೋಲ್ಟೇಜ್ ಏರಿಳಿಯುವ ಮನೆಯಲ್ಲಿ ಅಡಾಪ್ಟರೇ ಮೊದಲು ಸೋಲುತ್ತದೆ. ನಿಮ್ಮ ಸಿ7ಕ್ಕೆ ಬೇಕಾದದ್ದು 12 ವೋಲ್ಟ್, 2.5 ಆಂಪಿಯರ್. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಪಿನ್ ಕೂತಿತು ಎಂದು ಹಾಕಬೇಡಿ, ಮೈಮೇಲೆ ಬರೆದ ಆಂಪಿಯರ್ ಓದಿ ನೋಡಿ.

ಅಡಾಪ್ಟರ್ ಸರಿ ಇದೆ ಎಂದಾದರೆ, ರೂಟರ್ ಆನ್ ಮಾಡಿ ಮುಂದಿನ ಗೇರ್ ಚಿತ್ರದ ಸಿಸ್ಟಮ್ ಲೈಟನ್ನು ಒಂದು ನಿಮಿಷ ನೋಡಿ. ಅದು ಮಿನುಗುತ್ತಿದ್ದರೆ ಕರ್ನಲ್ ಏಳುತ್ತಿದೆ, ತಪ್ಪಿರುವುದು ಸೆಟ್ಟಿಂಗಿನಲ್ಲಿ. ಆಗ ಫೇಲ್‌ಸೇಫ್ ಸಾಕು, ಅಂದರೆ ನಿಮ್ಮ ಸೆಟ್ಟಿಂಗ್ ಬದಿಗಿಟ್ಟು ರೂಟರನ್ನು ಎಬ್ಬಿಸುವ ತುರ್ತು ದಾರಿ. ಮಿನುಗಲು ಶುರುವಾದ ಕೂಡಲೇ ರೂಟರಿನ ಹಿಂಬದಿಯ ಡಬ್ಲ್ಯೂಪಿಎಸ್/ರೀಸೆಟ್ ಬಟನ್ ಒತ್ತಿ, ಲೈಟ್ ಇನ್ನೂ ಜೋರಾಗಿ ಮಿನುಗಿದರೆ ಫೇಲ್‌ಸೇಫ್ ಒಳಗೆ ಹೋದಿರಿ. ಲ್ಯಾಪ್‌ಟಾಪಿಗೆ ಕೈಯಾರೆ 192.168.1.2 ಎಂಬ ವಿಳಾಸ ಕೊಟ್ಟು, ಎಸ್‌ಎಸ್‌ಎಚ್ (ಆಜ್ಞೆ ಬರೆದು ರೂಟರಿನ ಒಳಗೆ ಕೆಲಸ ಮಾಡುವ ದಾರಿ) ಮೂಲಕ 192.168.1.1ಕ್ಕೆ ರೂಟ್ ಹೆಸರಿನಲ್ಲಿ ಹೋಗಿ. ಪಾಸ್‌ವರ್ಡ್ ಕೇಳುವುದಿಲ್ಲ. ಅಲ್ಲಿ ಫಸ್ಟ್‌ಬೂಟ್ ಎಂಬ ಆಜ್ಞೆ ಕೊಟ್ಟು, ಹೌದು ಎಂದು ಉತ್ತರಿಸಿ, ರೀಬೂಟ್ ಮಾಡಿದರೆ ಓವರ್‌ಲೇ ಅಳಿದು ರೂಟರ್ ಹೊಸದಾಗಿ ಏಳುತ್ತದೆ.

ಆದರೆ ನಿಮ್ಮಲ್ಲಿ ಬರೆಯುವ ನಡುವೆಯೇ ಕರೆಂಟ್ ಹೋಗಿದೆ. ಪವರ್ ಲೈಟ್ ಒಂದೇ ಸುಮ್ಮನೆ ಹತ್ತಿ ನಿಲ್ಲುತ್ತಿದೆ ಎಂದೇ ನನ್ನ ಅಂದಾಜು. ಆಗ ಕರ್ನಲ್ಲೇ ಪೂರ್ತಿ ಇರುವುದಿಲ್ಲ, ಫೇಲ್‌ಸೇಫ್ ಸಿಗುವುದಿಲ್ಲ. ಬೂಟ್‌ಲೋಡರನ್ನೇ ಮಾತಾಡಿಸಬೇಕು. ಅದಕ್ಕಿರುವ ದಾರಿ ಟಿಎಫ್‌ಟಿಪಿ, ಕೇಬಲ್ ಮೂಲಕ ಫೈಲ್ ಸಾಗಿಸುವ ಒಂದು ಸರಳ ವಿಧಾನ.

ಮೊದಲು ರೂಟರ್ ಮಗುಚಿ ಸ್ಟಿಕ್ಕರ್ ಓದಿ. ಆರ್ಚರ್ ಸಿ7 ಎಂಬ ಒಂದೇ ಹೆಸರಿನಲ್ಲಿ ಹಲವು ವರ್ಷನ್ ಬಂದಿವೆ, ಒಳಗಿನ ಚಿಪ್ಪುಗಳೂ ಬೇರೆ ಬೇರೆ. ನಿಮ್ಮದು ವರ್ಷನ್ 2 ಎಂದುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇವೆ, ಇಂದಿನ ಓಪನ್‌ಡಬ್ಲ್ಯೂಆರ್‌ಟಿಗೆ ಸಾಕು. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ರೂಟರುಗಳಿಗಾದರೆ 19.07ರಲ್ಲೇ ದಾರಿ ಮುಗಿದಿದೆ.

ಬೇರೆಯವರ ಮೊಬೈಲ್ ಇಂಟರ್ನೆಟ್ಟಿನಿಂದ ಓಪನ್‌ಡಬ್ಲ್ಯೂಆರ್‌ಟಿಯ ಅಧಿಕೃತ ತಾಣಕ್ಕೆ ಹೋಗಿ, ನಿಮ್ಮ ಮಾಡೆಲ್ ಮತ್ತು ವರ್ಷನ್‌ಗೆ ಸರಿಯಾದ ಫೈಲ್ ಇಳಿಸಿಕೊಳ್ಳಿ. ಅಲ್ಲಿ ಎರಡು ಬಗೆ ಕಾಣುತ್ತವೆ. ಫ್ಯಾಕ್ಟರಿ ಎಂಬುದು ಕಂಪನಿಯ ಫರ್ಮ್‌ವೇರ್ ಇರುವ ರೂಟರಿಗೂ, ಈಗ ನಿಮಗೆ ಬೇಕಾದ ಟಿಎಫ್‌ಟಿಪಿಗೂ. ಸಿಸ್‌ಅಪ್‌ಗ್ರೇಡ್ ಎಂಬುದು ಆಗಲೇ ಓಪನ್‌ಡಬ್ಲ್ಯೂಆರ್‌ಟಿ ನಡೆಯುತ್ತಿರುವ ರೂಟರಿಗೆ. ಫ್ಯಾಕ್ಟರಿ ಇಳಿಸಿ. ಪಕ್ಕದಲ್ಲಿ ಎಸ್‌ಎಚ್‌ಎ256 ಎಂಬ ಉದ್ದನೆಯ ಅಂಕಿ-ಅಕ್ಷರದ ಸಾಲಿರುತ್ತದೆ. ಇಳಿಸಿದ ಫೈಲಿನದು ಅದಕ್ಕೆ ತಾಳೆಯಾಗುತ್ತದೆಯೇ ನೋಡಿ. ವಿಂಡೋಸಿನಲ್ಲಾದರೆ ಸರ್ಟ್‌ಯುಟಿಲ್, ಲಿನಕ್ಸಿನಲ್ಲಾದರೆ ಎಸ್‌ಎಚ್‌ಎ256ಸಮ್ ಆಜ್ಞೆ ಇದನ್ನು ತೋರಿಸುತ್ತದೆ. ನಮ್ಮ ಕಡೆಯ ಮೊಬೈಲ್ ಸಿಗ್ನಲ್ಲಿನಲ್ಲಿ ಫೈಲ್ ಅರ್ಧಕ್ಕೆ ನಿಂತು ಪೂರ್ತಿ ಇಳಿದಂತೆ ಕಾಣುವುದು ಹೊಸದಲ್ಲ.

ಈಗ ಆ ಫೈಲಿಗೆ ಹೆಸರು ಬದಲಿಸಬೇಕು, ಬಹಳ ಮಂದಿ ಎಡವುವುದು ಇಲ್ಲೇ. ಬೂಟ್‌ಲೋಡರಿಗೆ ಒಂದೇ ಒಂದು ಹೆಸರು ಗೊತ್ತು, ಅದನ್ನೇ ಕೇಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಆರ್ಚರ್, ಸಿ7, ವಿ2 ಇವನ್ನು ಜಾಗ ಬಿಡದೆ ಕೂಡಿಸಿ ಬರೆಯಿರಿ. ಆಮೇಲೆ ಅಂಡರ್‌ಸ್ಕೋರ್, ಟಿಪಿ, ಮತ್ತೆ ಅಂಡರ್‌ಸ್ಕೋರ್, ರಿಕವರಿ, ಚುಕ್ಕೆ, ಬಿನ್. ಆರ್ಚರಿನ ಮೊದಲಕ್ಷರ ಮತ್ತು ಸಿ7ರ ಸಿ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ. ವಿಂಡೋಸ್ ಫೈಲಿನ ಬಾಲ ಮುಚ್ಚಿಟ್ಟಿದ್ದರೆ ಕೊನೆಗೆ ಬಿನ್ ಎಂಬುದು ಎರಡು ಸಲ ಸೇರಿಬಿಡುತ್ತದೆ. ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಯೇ ಹೆಸರು ಬದಲಿಸಿ.

ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಲ್ಯಾನಿಗೆ 192.168.0.66 ಎಂಬ ವಿಳಾಸ, 255.255.255.0 ಎಂಬ ಮಾಸ್ಕ್ ಕೊಡಿ. ಗೇಟ್‌ವೇ ಖಾಲಿ ಇರಲಿ. ಗಮನಿಸಿ, ಇಲ್ಲಿ ಮೂರನೆಯ ಅಂಕಿ ಸೊನ್ನೆ, ಒಂದಲ್ಲ. ಕೇಬಲ್ ಹಳದಿ ಲ್ಯಾನ್ ಪೋರ್ಟಿಗೆ ಹೋಗಬೇಕು, ನೀಲಿ ವ್ಯಾನ್ ಪೋರ್ಟಿಗಲ್ಲ. ಟಿಎಫ್‌ಟಿಪಿಡಿ64 ಎಂಬ ಸಣ್ಣ ತಂತ್ರಾಂಶ ತೆರೆದು, ಫೈಲ್ ಇಟ್ಟ ಫೋಲ್ಡರ್ ತೋರಿಸಿ. ವಿಂಡೋಸ್ ಫೈರ್‌ವಾಲ್ ಅದನ್ನು ತಡೆಯುತ್ತದೆ, ಆ ಹೊತ್ತಿಗೆ ಅನುಮತಿ ಕೊಡಿ.

ರೂಟರ್ ಆಫ್ ಇರಲಿ. ಹಿಂದಿನ ಡಬ್ಲ್ಯೂಪಿಎಸ್/ರೀಸೆಟ್ ಬಟನ್ ಒತ್ತಿ ಹಿಡಿದು, ಹಿಡಿದಂತೆಯೇ ಪವರ್ ಆನ್ ಮಾಡಿ. ಡಬ್ಲ್ಯೂಪಿಎಸ್ ಲೈಟ್ ಹತ್ತುವವರೆಗೆ, ಸುಮಾರು ಹತ್ತು ಸೆಕೆಂಡು, ಬೆರಳು ತೆಗೆಯಬೇಡಿ. ಎಲ್ಲ ಸರಿ ಇದ್ದರೆ ಟಿಎಫ್‌ಟಿಪಿಡಿಯ ಕಿಟಕಿಯಲ್ಲಿ ಒಂದು ಪಟ್ಟಿ ಸರ್ರನೆ ಓಡಿ ಮುಗಿಯುತ್ತದೆ. ಫೈಲ್ ರೂಟರಿನ ರ‍್ಯಾಮಿಗೆ ಹೋಯಿತು. ಅದನ್ನು ಫ್ಲ್ಯಾಶಿಗೆ ಬರೆಯುವ ಕೆಲಸ ಆಮೇಲೆ ಶುರು. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಕಾಣುವುದಿಲ್ಲ, ರೂಟರ್ ಸುಮ್ಮನೆ ಕೂತಂತಿರುತ್ತದೆ. ಐದು ನಿಮಿಷ ಕೈ ಹಚ್ಚಬೇಡಿ, ಎದ್ದು ಹೋಗಿ ಚಹಾ ಕುಡಿದು ಬನ್ನಿ. ತಾನೇ ರೀಬೂಟ್ ಆಗಿ ಸಿಸ್ಟಮ್ ಲೈಟ್ ಮಿನುಗಿ ನಿಂತರೆ ಕೆಲಸ ಆಯಿತು.

ಪಟ್ಟಿ ಓಡದಿದ್ದರೆ? ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಸಲ ಒಂದೇ ಕಾರಣ. ರೂಟರ್ ಆನ್ ಆದ ಮೇಲೆ ಲ್ಯಾಪ್‌ಟಾಪಿನ ಲ್ಯಾನ್ ಕಾರ್ಡ್ ಸಂಪರ್ಕ ಕಂಡುಕೊಳ್ಳಲು ಎರಡು-ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಬೂಟ್‌ಲೋಡರ್ ಅಷ್ಟರಲ್ಲಿ ಕೂಗಿ, ಉತ್ತರ ಬಾರದೆ, ಕೈಬಿಟ್ಟಿರುತ್ತದೆ. ನಡುವೆ ಒಂದು ಸಾದಾ ನೆಟ್‌ವರ್ಕ್ ಸ್ವಿಚ್ ಇಡಿ. ಲ್ಯಾಪ್‌ಟಾಪಿನಿಂದ ಸ್ವಿಚ್ಚಿಗೆ ಒಂದು ಕೇಬಲ್, ಸ್ವಿಚ್ಚಿನಿಂದ ರೂಟರಿಗೆ ಇನ್ನೊಂದು. ಆಗ ಲ್ಯಾಪ್‌ಟಾಪಿನ ಸಂಪರ್ಕ ಮೊದಲೇ ಎದ್ದು ಕಾಯುತ್ತಿರುತ್ತದೆ. ಸ್ವಿಚ್ ಇಲ್ಲದಿದ್ದರೆ ಮನೆಯಲ್ಲಿ ಬಿದ್ದಿರುವ ಹಳೆಯ ರೂಟರಿನ ಎರಡು ಲ್ಯಾನ್ ಪೋರ್ಟುಗಳನ್ನೇ ಬಳಸಬಹುದು, ಅದರ ಡಿಎಚ್‌ಸಿಪಿ (ತಾನೇ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿರಬೇಕು. ಆದರೂ ಬಾರದಿದ್ದರೆ ಕೇಬಲ್ಲಿನಲ್ಲಿ ಓಡಾಡುವ ಮಾಹಿತಿ ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶ ಹಾಕಿ ನೋಡಿ. ‘192.168.0.66 ಯಾರು?’ ಎಂದು ರೂಟರ್ ಕೇಳುವುದು, ಆಮೇಲೆ ಯಾವ ಹೆಸರಿನ ಫೈಲ್ ಬೇಡುತ್ತಿದೆ ಎಂಬುದು, ಅಕ್ಷರ ಅಕ್ಷರ ಕಾಣುತ್ತದೆ. ಊಹೆ ಮಾಡುವುದು ಬೇಡ, ಅದು ಕೇಳಿದ್ದನ್ನೇ ಕೊಡಿ.

ಕಂಪನಿಯ ಮೂಲ ಫರ್ಮ್‌ವೇರಿಗೇ ಮರಳಬೇಕು ಎನಿಸಿದರೂ ಇದೇ ದಾರಿ. ಆದರೆ ಟಿಪಿ-ಲಿಂಕ್ ಫೈಲಿನ ಹೆಸರಿನಲ್ಲಿ ಬೂಟ್ ಎಂಬ ಪದ ಇದ್ದರೆ ಅದನ್ನು ಹಾಗೆಯೇ ಹಾಕಬೇಡಿ. ಅದರ ತಲೆಗೆ ಬೂಟ್‌ಲೋಡರ್ ಅಂಟಿರುತ್ತದೆ, ಇಲ್ಲಿ ಹಾಕಿದರೆ ಜಾಗ ತಪ್ಪಿ ಕೂರುತ್ತದೆ. ಬೂಟ್ ಇಲ್ಲದ ಫೈಲ್ ಹುಡುಕಿ.

ರೂಟರ್ ಎದ್ದಿತು ಎಂದುಕೊಳ್ಳೋಣ. ವೈಫೈ ಕಾಣುವುದಿಲ್ಲ, ಹೆದರಬೇಡಿ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ವೈಫೈ ಮೊದಲಿಗೆ ಬಂದ್ ಇರುತ್ತದೆ, ಪಾಸ್‌ವರ್ಡ್ ಇಲ್ಲದ ರೂಟರ್ ಗಾಳಿಗೆ ತೆರೆದುಕೊಳ್ಳಬಾರದು ಎಂದು ಬೇಕಂತಲೇ ಹಾಗೆ ಮಾಡಿದ್ದಾರೆ. ಲ್ಯಾಪ್‌ಟಾಪಿನ ವಿಳಾಸ ಮತ್ತೆ ಆಟೋಮ್ಯಾಟಿಕ್‌ಗೆ ಬದಲಿಸಿ, ಕೇಬಲ್ ಮೂಲಕ 192.168.1.1 ತೆರೆಯಿರಿ. ಹೆಸರು ರೂಟ್, ಪಾಸ್‌ವರ್ಡ್ ಖಾಲಿ. ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಇಡಿ, ಬೇರೆಲ್ಲ ಆಮೇಲೆ.

ಎರಡನೆಯದಾಗಿ ಲ್ಯಾನ್ ವಿಳಾಸ ಬದಲಿಸಿ. ಫೈಬರ್‌ನವರು ಕೊಡುವ ಎಷ್ಟೋ ಓಎನ್‌ಟಿ ಡಬ್ಬಿಗಳೂ (ಫೈಬರ್ ತಂತಿ ಬಂದು ಸೇರುವ ಪೆಟ್ಟಿಗೆ) 192.168.1.1 ವಿಳಾಸದಲ್ಲೇ ಕೂತಿರುತ್ತವೆ. ಒಂದೇ ಓಣಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಇದ್ದಂತಾಗಿ ಇಂಟರ್ನೆಟ್ ಬರುವುದೇ ಇಲ್ಲ. 192.168.10.1 ಎಂದು ಕೊಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಸೆಟ್ಟಿಂಗ್ ಬದಲಿಸಿದ ಮೇಲೆ ನೀವು 90 ಸೆಕೆಂಡಿನೊಳಗೆ ಮತ್ತೆ ಸಂಪರ್ಕಕ್ಕೆ ಬಾರದಿದ್ದರೆ ರೂಟರ್ ಹಳೆಯದಕ್ಕೇ ಮರಳುತ್ತದೆ. ನಿಮ್ಮನ್ನು ಹೊರಗೆ ಕೂಡಿಹಾಕಬಾರದು ಎಂಬ ಕಾಳಜಿ ಅದು. ಆದರೆ ವಿಳಾಸವನ್ನೇ ಬದಲಿಸಿದಾಗ ಇದೇ ತೊಡಕಾಗುತ್ತದೆ. ಕೇಬಲ್ ಒಮ್ಮೆ ಕಿತ್ತು ಚುಚ್ಚಿ, ಹೊಸ ವಿಳಾಸದಲ್ಲಿ ಬೇಗ ತೆರೆಯಿರಿ.

ಇಂಟರ್ನೆಟ್ಟಿಗೆ ಹೆಚ್ಚಿನ ಫೈಬರ್ ಸಂಪರ್ಕಗಳು ಪಿಪಿಪಿಓಇ ಎಂಬ ಲಾಗಿನ್ನಿನ ಹೆಸರು-ಪಾಸ್‌ವರ್ಡ್ ಕೇಳುತ್ತವೆ, ಕೆಲವರು ವಿಎಲ್‌ಎಎನ್ (ಒಂದೇ ತಂತಿಯಲ್ಲಿ ಜಾಲಗಳನ್ನು ಬೇರ್ಪಡಿಸುವ) ನಂಬರನ್ನೂ, ಕೆಲವರು ಹಳೆಯ ರೂಟರಿನ ಮ್ಯಾಕ್ ವಿಳಾಸವನ್ನೂ (ಯಂತ್ರದ ಗುರುತಿನ ಸಂಖ್ಯೆ) ಬಿಗಿಯಾಗಿ ಹಿಡಿದಿರುತ್ತಾರೆ. ನಿಮ್ಮ ಕೇಬಲ್‌ನವರಿಂದ ಈ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ವೈಫೈನಲ್ಲಿ ದೇಶವನ್ನು ಭಾರತ ಎಂದೇ ಆರಿಸಿ. 2018ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್ ಜಾಗ ಲೈಸೆನ್ಸ್ ಇಲ್ಲದೆ ಬಳಸಲು ಮುಕ್ತವಾಯಿತು, ಚಾನೆಲ್‌ಗೆ ಬರ ಇಲ್ಲ. ನಡುವಿನ ಚಾನೆಲ್‌ಗಳಲ್ಲಿ ರೇಡಾರ್ ಇದೆಯೇ ಎಂದು ರೂಟರ್ ಒಂದು ನಿಮಿಷ ಆಲಿಸಿ ಆಮೇಲೆ ಏಳುತ್ತದೆ. ಅದಕ್ಕೆ ಕಾಯಲಾಗದಿದ್ದರೆ ಚಾನೆಲ್ 36 ಇಡಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಾದರೆ ಚಾನೆಲ್ 1, 6, 11 ಇವುಗಳಲ್ಲೊಂದು.

ಇಡುವ ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಗ್ಗಗಳ ನಡುವೆ ಇಡಬೇಡಿ. ಕಬ್ಬಿಣದ ಚೌಕಟ್ಟು ಅಲೆಗಳನ್ನು ತಡೆಯುತ್ತದೆ, ಗಾಳಿಯಲ್ಲಿ ತೇಲುವ ನೂಲಿನ ಹಿಂಜು ರೂಟರಿನ ಕಿಂಡಿಗಳಲ್ಲಿ ಕಂಬಳಿಯಂತೆ ಕೂತು ಬಿಸಿ ಏರಿಸುತ್ತದೆ. ಪಡಸಾಲೆಯ ಗೋಡೆಯ ಮೇಲ್ಭಾಗಕ್ಕೆ ತೂಗುಹಾಕಿ, ತಿಂಗಳಿಗೊಮ್ಮೆ ಬ್ರಷ್ ಆಡಿಸಿ.

ಇನ್ನು ಮುಂದೆ ಹೀಗಾಗದಂತೆ ಏನು ಮಾಡಬೇಕು ಎಂಬ ನಿಮ್ಮ ಪ್ರಶ್ನೆ. ಅಂದು ಕರೆಂಟ್ ಹೋಗದಿದ್ದರೂ ನಿಮಗೆ ತೊಂದರೆ ಆಗಬಹುದಿತ್ತು, ಇದನ್ನು ಅರಿತುಕೊಳ್ಳಿ. 19.07ರಿಂದ 24.10ಕ್ಕೆ ಹಳೆಯ ಸೆಟ್ಟಿಂಗ್ ಹೊತ್ತುಕೊಂಡು ಜಿಗಿಯಲು ಬರುವುದಿಲ್ಲ. ನಡುವೆ 21.02, 22.03, 23.05 ಬಂದು ಹೋಗಿವೆ. 22.03ರಲ್ಲಿ ಫೈರ್‌ವಾಲ್ ಹಳೆಯ ಐಪಿಟೇಬಲ್ಸ್ ಬಿಟ್ಟು ಎನ್‌ಎಫ್‌ಟೇಬಲ್ಸ್‌ಗೆ ಹೋಯಿತು. 21.02ರಲ್ಲಿ ಹಲವು ಮಾಡೆಲ್‌ಗಳ ಒಳ ಸ್ವಿಚ್ಚಿನ ಸೆಟ್ಟಿಂಗ್ ಬರೆಯುವ ರೀತಿಯೇ ಬದಲಾಯಿತು. ಒಂದು ಆವೃತ್ತಿಯಿಂದ ಅದರ ಮುಂದಿನದಕ್ಕಾದರೆ ಸೆಟ್ಟಿಂಗ್ ಉಳಿಸಿಕೊಳ್ಳಿ. ಇಷ್ಟು ದೂರ ಹೋಗುವಾಗ ಟಿಕ್ ತೆಗೆದು, ಖಾಲಿಯಾಗಿ ಏರಿಸಿ, ಕೈಯಾರೆ ಮತ್ತೆ ತುಂಬಿ. ಅರ್ಧ ತಾಸಿನ ಕೆಲಸ. ಹಳೆಯ ಬ್ಯಾಕಪ್ಪನ್ನು ಹೊಸದರ ಮೇಲೆ ಸುರಿಯಬೇಡಿ, ಪಕ್ಕದಲ್ಲಿ ತೆರೆದಿಟ್ಟುಕೊಂಡು ನೋಡಿ ನೋಡಿ ಬರೆಯಿರಿ.

ಬ್ಯಾಕಪ್ ಎಂದರೆ ನೆನಪಾಯಿತು. ಸಿಸ್ಟಮ್ ಮೆನುವಿನ ಬ್ಯಾಕಪ್ ಪುಟದಲ್ಲಿ ಸೆಟ್ಟಿಂಗುಗಳ ಕಟ್ಟು ಇಳಿಸುವ ಬಟನ್ ಇದೆ. ಅದರ ಕೆಳಗೇ ಎಂಟಿಡಿಬ್ಲಾಕ್ ಇಳಿಸುವ ಆಯ್ಕೆಯೂ ಇದೆ, ಅಲ್ಲಿ ಆರ್ಟ್ ಆರಿಸಿ ಒಮ್ಮೆ ಇಳಿಸಿಟ್ಟುಕೊಳ್ಳಿ. ಇವೆರಡೂ ಪೆನ್‌ಡ್ರೈವಿನಲ್ಲಿರಲಿ, ಜೊತೆಗೆ ಈಗ ನಡೆಯುತ್ತಿರುವ ಆವೃತ್ತಿಯ ಫ್ಯಾಕ್ಟರಿ ಫೈಲ್ ಕೂಡ, ಹೆಸರು ಬದಲಿಸಿ ಸಿದ್ಧವಾಗಿ. ನಾನು ಇನ್ನೊಂದು ಮಾಡುತ್ತೇನೆ: ಮಾಡೆಲ್, ವರ್ಷನ್, ಟಿಎಫ್‌ಟಿಪಿ ವಿಳಾಸ, ಪಿಪಿಪಿಓಇ ಹೆಸರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ರೂಟರಿನ ಹೊಟ್ಟೆಗೆ ಅಂಟಿಸುತ್ತೇನೆ. ರೂಟರ್ ಸತ್ತ ದಿನ ಇಂಟರ್ನೆಟ್ಟೂ ಇರುವುದಿಲ್ಲ, ಹುಡುಕಲು ಎಲ್ಲಿಗೆ ಹೋಗುತ್ತೀರಿ? ಪಿಪಿಪಿಓಇ ಪಾಸ್‌ವರ್ಡಿಗಾಗಿ ದೀಪಾವಳಿ ಹೊತ್ತಿನಲ್ಲಿ ಮೂರು ದಿನ ಕಾದ ಮನೆಯವರನ್ನು ನಾನು ನೋಡಿದ್ದೇನೆ.

ಅಪ್‌ಡೇಟಿಗೆ ಕೂರುವಾಗ ರೂಟರನ್ನು ಬ್ಯಾಟರಿಯ ಮೇಲೆ ಕೂರಿಸಿ. 12 ವೋಲ್ಟಿನ ಸಣ್ಣ ರೂಟರ್ ಯುಪಿಎಸ್ ಸಿಗುತ್ತವೆ, ನಿಮ್ಮ ರೂಟರಿಗೆ ಸಾಲುವಷ್ಟು ಆಂಪಿಯರ್ ಕೊಡುತ್ತದೆಯೇ ಕೇಳಿ ತನ್ನಿ. ಮನೆಯ ಇನ್ವರ್ಟರ್ ಇದ್ದರೂ ಆದೀತು. ಲ್ಯಾಪ್‌ಟಾಪ್ ಚಾರ್ಜ್ ತುಂಬಿರಲಿ, ಸಂಪರ್ಕ ಕೇಬಲ್ಲಿನದಿರಲಿ. ಫೈಲ್ ಏರಿಸಿದ ಮೇಲೆ ಪುಟ ತೋರಿಸುವ ಎಸ್‌ಎಚ್‌ಎ256 ತಾಳೆ ನೋಡಿಯೇ ಮುಂದಿನ ಬಟನ್ ಒತ್ತಿ. ‘ಈ ಫೈಲ್ ಹೊಂದುವುದಿಲ್ಲ’ ಎಂದು ಎಚ್ಚರಿಕೆ ಬಂದರೆ ಫೋರ್ಸ್ ಎಂಬುದಕ್ಕೆ ಟಿಕ್ ಹಾಕಬೇಡಿ. ಸೇರಿಸಿದ ಪ್ಯಾಕೇಜುಗಳು ಅಪ್‌ಡೇಟಿನಲ್ಲಿ ಉಳಿಯುವುದಿಲ್ಲ, ಅವುಗಳ ಪಟ್ಟಿ ಬರೆದಿಟ್ಟುಕೊಳ್ಳಿ. ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಎಂಬ ಸೌಲಭ್ಯ ಹಾಕಿಕೊಂಡರೆ ಅದು ನಿಮ್ಮ ಪ್ಯಾಕೇಜುಗಳನ್ನು ಸೇರಿಸಿಯೇ ಹೊಸ ಫೈಲ್ ಕಟ್ಟಿಸಿ ತರುತ್ತದೆ, ಚಿಕ್ಕ ತಿದ್ದುಪಡಿಗಳಿಗೆ ನಾನು ಅದನ್ನೇ ಬಳಸುತ್ತೇನೆ. ಅಪ್‌ಡೇಟ್ ಮಾಡುವುದನ್ನೇ ಬಿಡಬೇಡಿ. 19.07ಕ್ಕೆ ಭದ್ರತಾ ತಿದ್ದುಪಡಿ ನಿಂತು ವರ್ಷಗಳಾಗಿವೆ, ನಿಮ್ಮ ಬಿಲ್ಲು-ಬ್ಯಾಂಕು ಎಲ್ಲ ಅದರ ಮೂಲಕವೇ ಹೋಗುತ್ತಿತ್ತು.

ಟಿಎಫ್‌ಟಿಪಿಗೂ ಬಗ್ಗದಿದ್ದರೆ ಉಳಿದದ್ದು ಡಬ್ಬಿ ಬಿಚ್ಚುವ ಕೆಲಸ. ಬೋರ್ಡಿನ ಸೀರಿಯಲ್ ಪಿನ್ನುಗಳಿಗೆ ಲ್ಯಾಪ್‌ಟಾಪಿನ ಯುಎಸ್‌ಬಿಗೆ ಕೂಡಿಸುವ 3.3 ವೋಲ್ಟಿನ ಯುಎಸ್‌ಬಿ-ಟಿಟಿಎಲ್ ಎಂಬ ಸಣ್ಣ ಬೋರ್ಡ್ ಜೋಡಿಸಿ, ವೇಗ 115200 ಇಟ್ಟು ಬೂಟ್‌ಲೋಡರ್ ಏನು ಹೇಳುತ್ತಿದೆ ಓದಬೇಕು. ಗ್ರೌಂಡ್, ಟಿಎಕ್ಸ್, ಆರ್‌ಎಕ್ಸ್ ಮೂರೇ ತಂತಿ. ವಿಸಿಸಿ ಎಂಬ ಕರೆಂಟಿನ ಪಿನ್ನಿಗೆ ತಂತಿ ಹಚ್ಚಬೇಡಿ. ಬೂಟ್‌ಲೋಡರೇ ಹೋಗಿದ್ದರೆ ಸಿಎಚ್341ಎ ಪ್ರೋಗ್ರಾಮರ್ ಎಂಬ ಸಾಧನದಿಂದ ನೇರ ಚಿಪ್ಪಿಗೆ ಬರೆಯುತ್ತಾರೆ. ಅಗ್ಗದ ಕಪ್ಪು ಬೋರ್ಡುಗಳು ಡೇಟಾ ಕಾಲುಗಳಿಗೆ 5 ವೋಲ್ಟ್ ಕೊಡುತ್ತವೆ, 3.3 ವೋಲ್ಟಿನ ಚಿಪ್ಪಿಗೆ ಅದು ಅಪಾಯ. ಇದನ್ನು ಮೊದಲ ಸಲಕ್ಕೆ ಒಬ್ಬರೇ ಮಾಡಬೇಡಿ, ಬೆಸುಗೆ ಕೈ ಇರುವ ಮೊಬೈಲ್ ರಿಪೇರಿಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹೊಸದೇ ಕೊಳ್ಳುವ ಮನಸ್ಸಾದರೆ, ಓಪನ್‌ಡಬ್ಲ್ಯೂಆರ್‌ಟಿ ಬಳಗವೇ ರೂಪಿಸಿ 2024ರ ಕೊನೆಗೆ ಹೊರತಂದ ಓಪನ್‌ಡಬ್ಲ್ಯೂಆರ್‌ಟಿ ಒನ್ ಎಂಬ ರೂಟರ್ ನೋಡಿ. 2002ರಲ್ಲಿ ಬಂದ ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿಯ ಮೂಲ ಸಂಕೇತವನ್ನು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಬಲದಿಂದ ಹೊರತರಿಸಿ ಶುರುವಾದ ಕೆಲಸ ಸ್ವಂತ ಯಂತ್ರದವರೆಗೆ ಬಂದದ್ದು ನನಗೆ ಬಹಳ ಖುಷಿ ಕೊಟ್ಟಿದೆ. ಅದರಲ್ಲಿ ಎರಡು ಫ್ಲ್ಯಾಶ್ ಇವೆ: ದಿನದ ಬಳಕೆಗೆ 256 ಎಂಬಿ, ಬೇರೆಯಾಗಿ 16 ಎಂಬಿ. ಒಂದು ಸಣ್ಣ ಸ್ವಿಚ್ ಸರಿಸಿದರೆ ಎರಡನೆಯದರಿಂದ ಏಳುತ್ತದೆ, ಪೆನ್‌ಡ್ರೈವಿನಲ್ಲಿಟ್ಟ ಫೈಲಿನಿಂದ ಮೊದಲನೆಯದನ್ನು ತುಂಬಿಕೊಳ್ಳುತ್ತದೆ. ನೀವು ಈಗ ಪಡುತ್ತಿರುವ ಪಾಡನ್ನು ಎಣಿಸಿಯೇ ಕಟ್ಟಿದ್ದು ಅದು. ಹೊರಬಂದಾಗ ಬೆಲೆ 89 ಡಾಲರ್ ಇತ್ತು.

ಸದ್ಯಕ್ಕೆ ಸಿ7ನ್ನೇ ಎಬ್ಬಿಸಿ. ಸ್ಟಿಕ್ಕರಿನಲ್ಲಿ ವರ್ಷನ್ 2 ಇಲ್ಲದೆ 4 ಅಥವಾ 5 ಇದ್ದರೆ ಫರ್ಮ್‌ವೇರ್ ಫೈಲೂ ಬೇರೆ, ಅದಕ್ಕಿಡುವ ಹೆಸರೂ ಬೇರೆ. ಆಗ ಸ್ಟಿಕ್ಕರಿನ ಫೋಟೋ ಮತ್ತು ವೈರ್‌ಶಾರ್ಕ್ ಪರದೆಯ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ.